ಅಪ್ಪನ ಕ್ವಾಲಿಸ್‌ಗೆ ಎಲೆಕ್ಟ್ರಿಕ್ ಫ್ಯಾನ್

ನಮಸ್ಕಾರ. ಬಾನೆಟ್ ಎತ್ತಿ ನಿಲ್ಲಿಸಿರೋ ಈ ಗಾಡಿ ನಮ್ಮ ಮನೆಯ 2003ರ ಕ್ವಾಲಿಸ್. ಬಿಡದಿ ಫ್ಯಾಕ್ಟರಿಯಿಂದ ಹೊರಬಂದ ಮೊದಲ ಟೊಯೋಟಾ ಮಾಡೆಲ್ ಇದು. 2000ದಲ್ಲಿ ಬಂತು, 2005ಕ್ಕೆ ನಿಂತುಹೋಯ್ತು. ಒಳಗಿರೋದು 2446 ಸಿಸಿ ಡೀಸೆಲ್ ಇಂಜಿನ್, 2ಎಲ್ ಅಂತಾರೆ. ದುಡಿಯೋಕೆ ಇದರ ಸಮ ಇನ್ನೊಂದಿಲ್ಲ, ಆದ್ರೆ ಒಂದ್ಸಲ ಜೋರಾಗಿ ಹೀಟ್ ಆದ್ರೆ ಇಂಜಿನ್ ಮೇಲ್ಭಾಗದ ಹೆಡ್ ಬಿರುಕು ಬಿಡಬಹುದು. ಆ ಭಯಕ್ಕೇ ಇವತ್ತು ಇದರ ಬೆಲ್ಟ್ ಫ್ಯಾನ್ ತೆಗೆದು ಎಲೆಕ್ಟ್ರಿಕ್ ಫ್ಯಾನ್ ಕೂರಿಸ್ತಿದೀವಿ.

"ಕಂಪ್ನಿಯೋರು ಯೋಚನೆ ಮಾಡೇ ಹಾಕಿರ್ತಾರೆ, ನೀನ್ಯಾಕೋ ಕೀಳ್ತೀಯ?" ಅಂತ ಅಪ್ಪ ಕೇಳಿದ್ರು. ನ್ಯಾಯವಾದ ಪ್ರಶ್ನೆ. ಸ್ಪ್ಯಾನರ್ ಮುಟ್ಟೋ ಮೊದಲು ಇದಕ್ಕೆ ಉತ್ತರ ಕೊಡಬೇಕು.

ಇಲ್ಲಿ ನೋಡಿ. ಫ್ಯಾನಿನ ನಡುವೆ ರೆಕ್ಕೆರೆಕ್ಕೆಯಾಗಿ ಒಂದು ಅಲ್ಯೂಮಿನಿಯಂ ಬಿಲ್ಲೆ ಇದೆಯಲ್ಲ, ಅದು ವಿಸ್ಕಸ್ ಕ್ಲಚ್. ಒಳಗೆ ಜೋನಿಬೆಲ್ಲದ ಹಾಗೆ ಮಂದವಾದ ಸಿಲಿಕೋನ್ ಎಣ್ಣೆ. ಮುಂದುಗಡೆ ಸುರುಳಿ ಸುತ್ತಿಕೊಂಡಿರೋದು ಎರಡು ಬೇರೆ ಲೋಹ ಬೆಸೆದ ಒಂದು ಪಟ್ಟಿ. ಇಂಜಿನ್ನಿನ ಬಿಸಿನೀರು ತಣ್ಣಗಾಗೋ ರೇಡಿಯೇಟರ್ ದಾಟಿ ಬರೋ ಗಾಳಿ ಬಿಸಿಯಾದ್ರೆ ಸುರುಳಿ ತಿರುಚಿಕೊಂಡು ಒಂದು ಬಾಯಿ ತೆರೆಯುತ್ತೆ, ಎಣ್ಣೆ ತಟ್ಟೆಗಳ ಮಧ್ಯೆ ನುಗ್ಗುತ್ತೆ, ಆಗ ಫ್ಯಾನ್ ಪುಲ್ಲಿಯ ಜೊತೆ ಗಟ್ಟಿಯಾಗಿ ತಿರುಗುತ್ತೆ. ತಣ್ಣಗಿದ್ರೆ ಜಾರುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಹಳೇ ಡೀಸೆಲ್ ಗಾಡಿಗಳು ಸ್ವಲ್ಪ ಹೊತ್ತು ಭೋರ್ ಅಂತ ಗಾಳಿ ಶಬ್ದ ಮಾಡ್ತಾವಲ್ಲ, ಅದು ರಾತ್ರಿಯೆಲ್ಲಾ ಆ ಎಣ್ಣೆ ಕೆಳಗಿಳಿದು ತಟ್ಟೆಗಳ ನಡುವೆ ಕೂತಿರೋದ್ರಿಂದ. ಕರೆಂಟ್ ಇಲ್ಲ, ವೈರ್ ಇಲ್ಲ, ಎಷ್ಟು ಚಂದದ ಕೆಲಸ! ಇದನ್ನ ಕೀಳ್ತಿರೋದು ಇದರ ಮೇಲೆ ಗೌರವ ಇಲ್ಲ ಅಂತ ಖಂಡಿತ ಅಲ್ಲ.

ತೊಂದರೆ ಇರೋದು ಒಂದೇ ಕಡೆ. ಈ ಫ್ಯಾನಿನ ವೇಗ ಇಂಜಿನ್ ವೇಗಕ್ಕೆ ಕಟ್ಟುಬಿದ್ದಿದೆ. ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುತಾ ಇದೀರಿ, ಮುಂದೆ ಲೋಡ್ ಗಾಡಿ, ಹಿಂದೆ ಸಾಲು. ಒಂದು ತಿರುವು ಹತ್ತೋದು, ನಿಲ್ಲೋದು, ಮತ್ತೆ ಹತ್ತೋದು. ಎಸಿ ಓಡ್ತಿದೆ, ಏಳು ಜನ ಕೂತಿದೀವಿ. ಹತ್ತುವಾಗ ಹುಟ್ಟಿದ ಶಾಖ ಅಷ್ಟೂ ನೀರಲ್ಲಿದೆ. ನಿಂತಾಗ ಎದುರು ಗಾಳಿ ಇಲ್ಲ, ಇಂಜಿನ್ ಐಡಲ್‌ಗೆ ಇಳಿದಿರುತ್ತೆ, ಅದರ ಜೊತೆ ಫ್ಯಾನೂ ನಿಧಾನ. ಟೆಂಪರೇಚರ್ ಮೀಟರಿನ ಮುಳ್ಳು ಏರೋದು ಆಗಲೇ. ಎಲೆಕ್ಟ್ರಿಕ್ ಫ್ಯಾನಿಗೆ ಇಂಜಿನ್ ಎಷ್ಟು ತಿರುಗ್ತಿದೆ ಅನ್ನೋ ಲೆಕ್ಕವೇ ಬೇಡ, ನಿಂತಾಗಲೂ ಪೂರ್ತಿ ಎಳೆಯುತ್ತೆ.

ಆದ್ರೂ ದಯವಿಟ್ಟು ಒಂದು ಪರೀಕ್ಷೆ ಮಾಡಿ. ಇಂಜಿನ್ ಆಫ್ ಮಾಡಿ ಫ್ಯಾನನ್ನ ಕೈಯಲ್ಲಿ ತಿರುಗಿಸಿ. ಹಿಡಿದು ಹಿಡಿದು ತಿರುಗಬೇಕು, ಬಿಸಿಯಿದ್ದಾಗ ಇನ್ನೂ ಬಿಗಿ ಇರಬೇಕು. ತಳ್ಳಿದ್ರೆ ಸುಮ್ಮನೆ ಸುತ್ತುತಾ ಹೋಯ್ತಾ, ಸುರುಳಿಯ ಬುಡದಲ್ಲಿ ಎಣ್ಣೆಗೆ ಧೂಳು ಅಂಟಿ ಕಪ್ಪು ಗೆರೆ ಮೂಡಿದೆಯಾ, ಕ್ಲಚ್ ಮುಗೀತು ಅಂತಲೇ. ನಮ್ಮದರಲ್ಲಿ ಎರಡೂ ಇತ್ತು. ರೇಡಿಯೇಟರ್ ಒಳಗೆ ಕಟ್ಟಿಕೊಂಡಿದ್ರೆ, ನೀರು ಬಿಸಿಯಾದ್ಮೇಲೆ ರೇಡಿಯೇಟರಿಗೆ ದಾರಿ ಬಿಡೋ ಥರ್ಮೋಸ್ಟಾಟ್ ಸಿಕ್ಕಿಕೊಂಡಿದ್ರೆ ಯಾವ ಫ್ಯಾನ್ ಹಾಕಿದ್ರೂ ಪ್ರಯೋಜನ ಇಲ್ಲ. ಅದನ್ನೆಲ್ಲ ಮೊದಲೇ ನೋಡಿಸಿ.

ಸರಿ, ಬಿಚ್ಚೋಣ. ಬ್ಯಾಟರಿ ಮೈನಸ್ ತೆಗೆದಿದೀವಿ. ಕ್ಲಚ್ಚನ್ನ ವಾಟರ್ ಪಂಪಿಗೆ ಹಿಡಿದಿರೋದು ನಾಲ್ಕು ನಟ್ಟು. ಕ್ಯಾಮೆರಾ ಹತ್ತಿರ ತರ್ತೀನಿ, ಸರಿಯಾಗಿ ನೋಡಿಕೊಳ್ಳಿ: ಅದೇ ನಾಲ್ಕು ನಟ್ಟು ಪುಲ್ಲಿಯನ್ನೂ ಹಿಡಿದಿವೆ. ಕ್ಲಚ್ ಹೊರಗೆ ಬಂದ್ಮೇಲೆ ಅದರ ದಪ್ಪದಷ್ಟು ಜಾಗ ಖಾಲಿಯಾಗುತ್ತೆ. ಸ್ಟಡ್ಡಿನಲ್ಲಿ ಥ್ರೆಡ್ ಮುಗಿದು ನಟ್ಟು ನಿಂತ್ರೆ, ಕೈಗೆ ಬಿಗಿಯಾದ ಹಾಗೆ ಅನ್ನಿಸುತ್ತೆ, ಪುಲ್ಲಿ ಮಾತ್ರ ಅಲ್ಲಾಡ್ತಿರುತ್ತೆ. ಅದಕ್ಕೆ ಅಷ್ಟೇ ದಪ್ಪದ ಒಂದು ರಿಂಗನ್ನ ಲೇತ್‌ನಲ್ಲಿ ಕಡೆಸಿ ತಂದಿದೀವಿ. ಆಮೇಲೆ ಬೆಲ್ಟ್ ಟೈಟ್ ಮತ್ತೆ ನೋಡಬೇಕು. ಪಂಪಿಗೂ, ಬ್ಯಾಟರಿ ಚಾರ್ಜ್ ಮಾಡೋ ಡೈನಮೋಗೂ ಅದೇ ಬೆಲ್ಟು.

ಹೊಸ ಫ್ಯಾನ್ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ತಗೊಂಡಿದ್ದು. ರೇಡಿಯೇಟರ್ ಹಿಂದೆ ನಿಂತು ಗಾಳಿ ಎಳೆಯೋ ತರಹದ್ದು. ರೇಡಿಯೇಟರ್ ಜಾಲರಿಯೊಳಗೆ ಪ್ಲಾಸ್ಟಿಕ್ ಕಡ್ಡಿ ತೂರಿಸಿ ಫ್ಯಾನ್ ಕಟ್ಟೋದನ್ನ ನೋಡಿರ್ತೀರಿ. ಬೇಡವೇ ಬೇಡ, ನಮ್ಮ ರಸ್ತೆಗಳ ಅದುರಿಗೆ ಆ ಕಡ್ಡಿ ಟ್ಯೂಬನ್ನೇ ಸವೆಸುತ್ತೆ. ನಾವು ತಗಡಿನಲ್ಲಿ ಒಂದು ಕೌಲಿಂಗ್, ಅಂದ್ರೆ ರೇಡಿಯೇಟರ್ ಪೂರ್ತಿ ಮುಚ್ಚೋ ಗೂಡು, ಮಾಡಿಸಿ, ರೇಡಿಯೇಟರಿನ ಪಕ್ಕದ ಬೋಲ್ಟುಗಳಿಗೇ ಕೂರಿಸಿದೀವಿ. ಕೌಲಿಂಗ್ ಇಲ್ಲಾಂದ್ರೆ ಫ್ಯಾನಿನ ಎದುರಿಗಿರೋ ವೃತ್ತಕ್ಕಷ್ಟೇ ಗಾಳಿ, ನಾಲ್ಕು ಮೂಲೆ ಬಿಸಿ ಬಿಸಿ.

ಇನ್ನು ವೈರಿಂಗು. ಇಡೀ ಕೆಲಸದ ಜೀವ ಇದರಲ್ಲಿದೆ. ಓಡುವಾಗ ಈ ಮೋಟರ್ 18 ಆಂಪ್ಸ್ ಎಳೀತಿದೆ, ಕ್ಲಾಂಪ್ ಮೀಟರ್ ತೋರಿಸ್ತಿದೆ ನೋಡಿ. ಸ್ಟಾರ್ಟ್ ಆಗೋ ಕ್ಷಣಕ್ಕೆ ಅದರ ಎರಡು ಪಟ್ಟು ದಾಟುತ್ತೆ. ಡ್ಯಾಶ್‌ಬೋರ್ಡ್ ಸ್ವಿಚ್ಚಿನ ಮೂಲಕ ನೇರ ಕೊಟ್ರೆ ಸ್ವಿಚ್ಚೇ ಕರಗುತ್ತೆ. ಅದಕ್ಕೆ ನಮ್ಮೂರಿನ ಎಲೆಕ್ಟ್ರಿಷಿಯನ್ ಅಣ್ಣ 40 ಆಂಪ್ಸಿನ ರಿಲೇ ಹಾಕಿದಾರೆ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನ ಆನ್-ಆಫ್ ಮಾಡೋ ಸ್ವಿಚ್ಚು ಅದು. ಬ್ಯಾಟರಿ ಪ್ಲಸ್ಸಿಂದ ಒಂದು ಗೇಣಿನೊಳಗೇ 30 ಆಂಪ್ಸ್ ಫ್ಯೂಸು, ಅಲ್ಲಿಂದ ರಿಲೇಯ 30ನೇ ಪಿನ್ನು, 87ರಿಂದ ಫ್ಯಾನಿಗೆ. 85, 86 ರಿಲೇಯನ್ನ ಆನ್ ಮಾಡೋ ಕಾಯಿಲ್ ಕಡೆ. ಎಲ್ಲಾ ದಪ್ಪ ವೈರು 4 ಚದರ ಮಿಲಿಮೀಟರ್. ಅರ್ತ್ ಬಣ್ಣದ ಮೇಲೆ ಅಲ್ಲ, ಉಜ್ಜಿ ಹೊಳೆಸಿದ ತಗಡಿನ ಮೇಲೆ. ಅಣ್ಣ ಒಂದೊಂದು ಜಾಯಿಂಟನ್ನೂ ಒತ್ತಿ, ಎಳೆದು ನೋಡಿ, ಆಮೇಲೆ ಸ್ಲೀವ್ ಹಾಕಿ ಮುಚ್ಚಿದ್ರು. ಆ ತಾಳ್ಮೆಗೆ ಎಷ್ಟು ಕೊಟ್ರೂ ಕಡಿಮೆ.

ಸೆನ್ಸರು ಇಂಜಿನ್ನಿಂದ ಬಿಸಿನೀರು ಹೊರಬರೋ ಮೇಲಿನ ಹೋಸಿನಲ್ಲಿದೆ. 93 ಡಿಗ್ರಿಗೆ ಆನ್, 88ಕ್ಕೆ ಆಫ್. ಥರ್ಮೋಸ್ಟಾಟ್ ಮೇಲೆ 82 ಅಂತ ಒತ್ತಿದೆ. ಫ್ಯಾನ್ ನಿಲ್ಲೋ ಡಿಗ್ರಿ ಅದಕ್ಕಿಂತ ಮೇಲಿರಲೇಬೇಕು, ಇಲ್ಲಾಂದ್ರೆ ಫ್ಯಾನಿಗೆ ಬಿಡುವೇ ಸಿಗಲ್ಲ. ಎಸಿ ಕಂಪ್ರೆಸರ್ ಆನ್ ಆದ್ರೂ ಫ್ಯಾನ್ ತಿರುಗಬೇಕು, ಯಾಕಂದ್ರೆ ಎಸಿಯ ಶಾಖ ಹೊರಹಾಕೋ ಕಂಡೆನ್ಸರ್ ಇರೋದು ರೇಡಿಯೇಟರ್ ಮುಂದೆ. ಎಸಿಯಿಂದ ಬರೋ ಆ ವೈರಿಗೆ ಕರೆಂಟನ್ನ ಒಂದೇ ಕಡೆಗೆ ಬಿಡೋ ಒಂದು ಡಯೋಡ್ ಇದೆ, ಸೆನ್ಸರ್ ಕಡೆಯ ಕರೆಂಟು ವಾಪಸ್ ಹೋಗಿ ಕಂಪ್ರೆಸರನ್ನ ಎಬ್ಬಿಸಬಾರದು ಅಂತ. ಡ್ಯಾಶ್‌ಬೋರ್ಡಿನ ಸ್ವಿಚ್ಚು ಫ್ಯಾನನ್ನ ಆನ್ ಮಾತ್ರ ಮಾಡುತ್ತೆ. ಯಾರೋ ಮರೆತು ಆಫ್ ಮಾಡಿ ಇಂಜಿನ್ ಸುಟ್ಟುಕೊಳ್ಳೋ ದಾರಿಯೇ ಇಲ್ಲ.

ಇದೀಗ ಘಾಟಿಯಲ್ಲಿದೀವಿ, ಲಾರಿ ಹಿಂದೆ. ಎಸಿ ಆನ್. ಮುಳ್ಳು ಅರ್ಧಕ್ಕಿಂತ ಒಂಚೂರು ಕೆಳಗೆ ನಿಂತಿದೆ, ಆಮೇಲೆ ಘಾಟಿ ಮೇಲಿನ ಕೊಟ್ಟಿಗೆಹಾರದವರೆಗೂ ಅಲ್ಲೇ ಇತ್ತು. ಅಪ್ಪ ರಸ್ತೆ ಬಿಟ್ಟು ಮೀಟರನ್ನೇ ನೋಡ್ತಾ ಕೂತಿದ್ರು!

ಮೈಲೇಜ್ ಬಹಳ ಏರುತ್ತೆ ಅನ್ನೋ ಮಾತು ನಂಬಬೇಡಿ. ಈ ಫ್ಯಾನಿಗೂ ಶಕ್ತಿ ಬರೋದು ಅದೇ ಇಂಜಿನ್ನಿಂದ, ಡೈನಮೋ ಮೂಲಕ, ದಾರಿಯಲ್ಲಿ ಒಂದಿಷ್ಟು ಸೋರಿಕೊಂಡು. ಉಳಿತಾಯ ಏನಿದ್ರೂ ಹೈವೇಯಲ್ಲಿ, ಎದುರು ಗಾಳಿಯೇ ಸಾಕಾಗಿ ಫ್ಯಾನ್ ನಿಂತಿರುವಾಗ. ಮಳೆಗಾಲದ ರಾತ್ರಿ ಹೆಡ್‌ಲೈಟು, ವೈಪರು, ಬ್ಲೋವರು, ಫಾಗ್ ಲ್ಯಾಂಪು, ಅದರ ಮೇಲೆ ಈ ಫ್ಯಾನು: ಅಷ್ಟೂ ಆನ್ ಮಾಡಿ ಐಡಲ್‌ನಲ್ಲಿ ಬ್ಯಾಟರಿ ವೋಲ್ಟೇಜ್ ನೋಡಿ. ನಮ್ಮದು 13.2ರಲ್ಲಿ ನಿಂತಿತು. 12.6ಕ್ಕಿಂತ ಕೆಳಗಿಳಿದ್ರೆ ಡೈನಮೋಗೆ ತೂಗ್ತಿಲ್ಲ, ಬ್ಯಾಟರಿ ಖಾಲಿಯಾಗ್ತಿದೆ ಅಂತ ಅರ್ಥ. ಮೊದಲು ಅದನ್ನ ಸರಿಮಾಡಿಸಿ.

ದಿನಾ ಪೂರ್ತಿ ಲೋಡ್ ಹೇರಿಕೊಂಡು ಬಿಸಿಲಲ್ಲಿ ಓಡಾಡೋ ಗಾಡಿ ನಿಮ್ಮದಾಗಿದ್ರೆ, ಹೊಸ ವಿಸ್ಕಸ್ ಕ್ಲಚ್ಚನ್ನೇ ಹಾಕಿಸಿ ಅಂತೀನಿ. ಜೋರು ವೇಗದಲ್ಲಿ ಅದು ಎಳೆಯೋ ಗಾಳಿಗೆ ಈ ಮೋಟರ್ ಸಾಟಿಯಾಗಲ್ಲ. ಎಲೆಕ್ಟ್ರಿಕ್ ಹಾಕಿಸಿದವರು ಒಂದು ರಿಲೇ, ಎರಡು ಫ್ಯೂಸು ಗ್ಲೋವ್ ಬಾಕ್ಸಲ್ಲಿ ಇಟ್ಟುಕೊಳ್ಳಿ. ಘಾಟಿ ಮಧ್ಯೆ ಯಾವ ಅಂಗಡಿಯೂ ಸಿಗಲ್ಲ.