ಶಿಶುವಿಹಾರಕ್ಕೆ ಹೂವಿನಜ್ಜಿ ಬಂದರೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಾಲ್ಕು ವರ್ಷದ ಒಂದು ಮಗುವನ್ನು ಹತ್ತು ನಿಮಿಷ ಒಂದೇ ಕಡೆ ಕೂರಿಸೋದು ಎಷ್ಟು ಕಷ್ಟ ಅಂತ ಮನೆಯಲ್ಲಿ ಮಕ್ಕಳಿರುವವರಿಗೆ ಗೊತ್ತು. ಶಿಶುವಿಹಾರದಲ್ಲಿ ಅಂಥವರು ಒಂದು ಕೋಣೆ ತುಂಬಾ ಇರುತ್ತಾರೆ. ಅಕ್ಷರ ತಿದ್ದಿಸಿ, ಒಂದು ಎರಡು ಹೇಳಿಸಿ, ಹಾಡು ಹಾಡಿಸಿದ ಮೇಲೂ ಗಡಿಯಾರ ಮುಂದಕ್ಕೇ ಹೋಗುವುದಿಲ್ಲ. ಮಿಸ್ ಸುಸ್ತು, ಮಕ್ಕಳು ಚುರುಕು. ಇಂಥ ಹೊತ್ತಿಗೆ ಹೊರಗಿನವರು ಯಾರಾದರೂ ತರಗತಿಗೆ ಬಂದರೆ ಎಷ್ಟು ಚೆನ್ನ! ಬರುವವರು ಭಾಷಣ ಮಾಡಬಾರದು, ಅಷ್ಟೇ. ಭಾಷಣ ಕೇಳೋಕೆ ನೀವೆಲ್ಲ ಇದ್ದೀರಲ್ಲ! ಮಕ್ಕಳಿಗೆ ಬೇಕಾದವರು ಕೈಕೆಲಸ ಬಲ್ಲವರು.

ನಮ್ಮ ಮೈಸೂರಿನಲ್ಲಿ ಅವರಿಗೇನು ಬರವಿಲ್ಲ. ಬೀದಿ ಕೊನೆಯಲ್ಲಿ ಮಲ್ಲಿಗೆ ಮಾರುವ ಅಜ್ಜಿಯನ್ನೇ ಕರೆಯಿರಿ. ಅವರು ಚಾಪೆ ಮೇಲೆ ಕೂತು, ಮೊಗ್ಗು ಸುರಿದುಕೊಂಡು, ಬಾಳೆನಾರಿನಲ್ಲಿ ಕಟ್ಟುತ್ತಾ ಹೋದರೆ ಸಾಕು. ಮಕ್ಕಳು ತಾವಾಗಿಯೇ ಸುತ್ತ ಸೇರುತ್ತಾರೆ. ಐದು ವರ್ಷದ ಕೈಗೆ ಗಂಟು ಹಾಕೋಕೆ ಬರೋದಿಲ್ಲ. ಆದರೆ ಎರಡೆರಡು ಮೊಗ್ಗು ಜೋಡಿಸಿ ಅಜ್ಜಿಗೆ ಕೊಡೋಕೆ ಬರುತ್ತದೆ. ಜೋಡಿ ಲೆಕ್ಕ ಅಲ್ಲೇ ಆಯಿತು. ಆಮೇಲೆ ಅಳತೆ. ಅಜ್ಜಿ ಮೊಣಕೈಯಿಂದ ಬೆರಳ ತುದಿವರೆಗೆ ಹಿಡಿದು "ಒಂದು ಮೊಳ" ಅನ್ನುತ್ತಾರೆ. ಅದೇ ಹೂವನ್ನು ಮಗು ತನ್ನ ಕೈಯಲ್ಲಿ ಹಿಡಿದರೆ ಹೆಚ್ಚುಕಡಿಮೆ ಒಂದೂವರೆ ಮೊಳ! ಇದು ಹೇಗೆ ಅಂತ ಅವರೇ ಜಗಳ ಆಡಿ ಕಂಡುಕೊಳ್ಳಲಿ. "ಅಜ್ಜಿ, ನನ್ನ ಕೈಲಿ ಅಳೆದು ಮಾರಿ, ಜಾಸ್ತಿ ದುಡ್ಡು ಬರುತ್ತೆ" ಅಂದ ಒಬ್ಬ ಪುಟ್ಟ ವ್ಯಾಪಾರಿಯನ್ನು ನಾನು ಕಂಡಿದ್ದೇನೆ. ಅವನಿಗೆ ಇನ್ನೇನು ಲೆಕ್ಕ ಕಲಿಸೋದು ಹೇಳಿ.

ಮಂಡ್ಯ ಕಡೆಯವರಾದರೆ ಆಲೆಮನೆಯವರನ್ನು ಕರೆಯಬಹುದು. ಕುದಿಯುವ ಕೊಪ್ಪರಿಗೆ ಹತ್ತಿರ ಪುಟ್ಟ ಮಕ್ಕಳು ಹೋಗೋದು ಬೇಡ. ಕಬ್ಬಿನ ಜಲ್ಲೆ, ಕಬ್ಬಿನ ಹಾಲು, ಅಚ್ಚು ಬೆಲ್ಲ ತರಗತಿಗೇ ಬರಲಿ. ದಸರಾ ಹೊತ್ತಿಗೆ ಗೊಂಬೆ ಕೂರಿಸುವ ಮನೆಯವರು ಪಟ್ಟದ ಗೊಂಬೆ ತಂದು ತೋರಿಸಲಿ. ಬೇಸಿಗೆಯಲ್ಲಿ ರಂಗಾಯಣ ನಾಟಕ ಸಂಸ್ಥೆಯವರು ಮಕ್ಕಳಿಗೆ ನಡೆಸುವ ಚಿನ್ನರ ಮೇಳ ಶಿಬಿರಕ್ಕೆ ಹೋಗಿ ಬಂದ ಅಣ್ಣನೋ ಅಕ್ಕನೋ ಇದ್ದರೆ ಇನ್ನೂ ಒಳ್ಳೆಯದು. ಚಿಕ್ಕವರಿಗೆ ಸ್ವಲ್ಪ ದೊಡ್ಡವರು ಕುಣಿದು ತೋರಿಸಿದಷ್ಟು ಖುಷಿ ಬೇರೆ ಯಾವುದರಲ್ಲೂ ಇಲ್ಲ.

ಪೊಲೀಸರನ್ನು, ಡಾಕ್ಟರನ್ನು ಕರೆಸುವಾಗ ಮಾತ್ರ ಹುಷಾರು. ಊಟ ಮಾಡದಿದ್ದರೆ "ಪೊಲೀಸಿಗೆ ಹಿಡಿದು ಕೊಡ್ತೀನಿ", ಹಟ ಮಾಡಿದರೆ "ಡಾಕ್ಟರ್ ಹತ್ರ ಸೂಜಿ ಹಾಕಿಸ್ತೀನಿ" ಅಂತ ನಾವೇ ಹೆದರಿಸಿ ಇಟ್ಟಿರುತ್ತೇವೆ ಅಲ್ವಾ? ಖಾಕಿ ಬಟ್ಟೆ ಬಾಗಿಲಲ್ಲಿ ಕಂಡ ಕೂಡಲೇ ಅರ್ಧ ತರಗತಿ ಮಿಸ್ ಸೀರೆ ಹಿಂದೆ. ಅದಕ್ಕೆ ಬಂದವರು ಮೊದಲು ಟೋಪಿ ತೆಗೆದು ನೆಲದ ಮೇಲೆ ಕೂರಲಿ. ಟೋಪಿ ಮಕ್ಕಳ ಕೈಗೆ ಹೋಗಲಿ, ತಲೆಯಿಂದ ತಲೆಗೆ ಓಡಾಡಲಿ. ಮಾತು ಆಮೇಲೆ. ತಮಟೆ, ಡೊಳ್ಳಿನವರು ಬಂದರೂ ಹಾಗೇ. ಮೊದಲು ಮೆಲ್ಲಗೆ ಬಾರಿಸಬೇಕು. ಕಿವಿ ಮುಚ್ಚಿಕೊಳ್ಳುವ ಮಗುವಿಗೆ ಬಾಗಿಲ ಹತ್ತಿರ ಜಾಗ ಇರಬೇಕು.

"ಏನಾದರೂ ಪ್ರಶ್ನೆ ಕೇಳಿ ಮಕ್ಕಳೇ" ಅಂದರೆ ಏನಾಗುತ್ತೆ ಗೊತ್ತಾ? ಒಬ್ಬಳು ಎದ್ದು "ನಮ್ಮನೇಲಿ ಬೆಕ್ಕು ಮರಿ ಹಾಕಿದೆ" ಅನ್ನುತ್ತಾಳೆ. ಇನ್ನೊಬ್ಬ "ನನ್ನ ಚಪ್ಪಲಿ ಹೊಸದು" ಅನ್ನುತ್ತಾನೆ. ಬಂದವರು ತಬ್ಬಿಬ್ಬಾಗುತ್ತಾರೆ. ಆಗಲಿ ಬಿಡಿ, ಹೊಸಬರ ಮುಂದೆ ಬಾಯಿ ಬಿಟ್ಟರಲ್ಲ. ಆದರೂ ಹಿಂದಿನ ದಿನವೇ "ನಾಳೆ ಹೂವಿನಜ್ಜಿ ಬರ್ತಾರೆ, ಏನು ಕೇಳೋಣ?" ಅಂತ ಮಾತಾಡಿಕೊಂಡರೆ ಒಂದೆರಡು ನಿಜವಾದ ಪ್ರಶ್ನೆ ಸಿಗುತ್ತವೆ.

ಬಂದವರು ಹೋದ ಮೇಲೆಯೇ ಹೆಚ್ಚು ಕೆಲಸ ಇರೋದು. ಬಹಳ ಕಡೆ ಫೋಟೊ ತೆಗೆದು ಅಲ್ಲಿಗೆ ಮುಗಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಒಂದು ಮೂಲೆಯಲ್ಲಿ ಬುಟ್ಟಿ, ನೂಲು, ಕಾಗದದ ಹೂವು ಒಂದು ವಾರ ಹಾಗೇ ಇರಲಿ. ಅದು ಅವರ ದೇವರಾಜ ಮಾರ್ಕೆಟ್. ಅಲ್ಲಿ ಚೌಕಾಶಿ ನಡೆಯುತ್ತದೆ, ಚಿಲ್ಲರೆ ಕೊಡೋದು ನಡೆಯುತ್ತದೆ. ವಾರವೆಲ್ಲ ತುಟಿ ಬಿಚ್ಚದ ಮಗು ಅಲ್ಲಿ "ಮೊಳ ಎಷ್ಟು?" ಅಂತ ಕೂಗಬಹುದು.

"ಇವತ್ತು ಎಷ್ಟು ಪುಟ ಬರೆಸಿದಿರಿ ಮಿಸ್?" ಅಂತ ಗೇಟಿನಲ್ಲಿ ಕೇಳುವ ಅಪ್ಪ ಅಮ್ಮಂದಿರಿಗೂ ಒಂದು ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಬುನಾದಿ ಹಂತ ಅಂತ ಕರೆದು, ಆಟ, ಚಟುವಟಿಕೆಗಳ ಮೂಲಕವೇ ಕಲಿಸಿ ಅನ್ನುತ್ತದೆ.

ದೊಡ್ಡ ಶಾಲೆಗೆ ಮಾತ್ರ ಇದೆಲ್ಲ ಅಂದುಕೊಳ್ಳಬೇಡಿ. ನಮ್ಮ ರಾಜ್ಯದಲ್ಲಿ ಅಂಗನವಾಡಿ ಯೋಜನೆ ಮೊದಲು ಶುರುವಾಗಿದ್ದೇ 1975ರಲ್ಲಿ, ನಮ್ಮ ಟಿ. ನರಸೀಪುರದಲ್ಲಿ. ಈಗ ನಿಮ್ಮ ಬೀದಿಯ ಹತ್ತಿರವೂ ಒಂದು ಇದ್ದೇ ಇರುತ್ತದೆ. ನೀವು ಬಡಗಿಯೋ, ಕುಂಬಾರರೋ, ದರ್ಜಿಯೋ ಆಗಿದ್ದರೆ ಟೀಚರನ್ನು ಹೋಗಿ ಕೇಳಿ. ಜೂನ್ ತಿಂಗಳು ಬೇಡ, ಆಗ ಅಳು ಜಾಸ್ತಿ. ಕತ್ತರಿ, ಉಳಿ ನಿಮ್ಮ ಕೈಯಲ್ಲೇ ಇರಲಿ. ಮಕ್ಕಳು ಮುಟ್ಟೋಕೆ ಚೂರು ಬಟ್ಟೆ, ಮರದ ತುಂಡು, ಒಂದು ಮುದ್ದೆ ಜೇಡಿಮಣ್ಣು ತನ್ನಿ. ಕಾಲು ಗಂಟೆ ಸಾಕು. ನಮಸ್ಕಾರ.