ಸಿಸ್ಟಂ ತೆಗೆದುಕೊಳ್ಳುತ್ತಿಲ್ಲ

ಮಳೆಗಾಲ ಹಿಡಿಯುವ ಮುಂಚೆ ಒಂದು ಕಚೇರಿಗೆ ಹೋಗಿದ್ದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಅಲ್ಲಿ ಕಂಪ್ಯೂಟರ್ ಮುಂದೆ ಕುಳಿತಿದ್ದ ಹೆಣ್ಣುಮಗಳು ಒಳ್ಳೆಯವರು, ತಪ್ಪು ಅವರದಲ್ಲ. ನಾವು ಕೊಡಗಿನವರು. ನಮ್ಮ ಒಕ್ಕದ, ಅಂದರೆ ಒಂದೇ ಮೂಲದ ಕುಟುಂಬಗಳೆಲ್ಲ ಸೇರಿದ ಮನೆತನದ, ಗದ್ದೆ ಮತ್ತು ಅದಕ್ಕೆ ಹೊಂದಿದ ಬಾಣೆ ನೆಲದ ಪಹಣಿಯಲ್ಲಿ ಒಂಬತ್ತನೆಯ ಕಾಲಂ ಅಂತ ಒಂದಿದೆ, ಮಾಲೀಕರ ಹೆಸರಿನ ಕಾಲಂ. ಅದರಲ್ಲಿ ಈಗಲೂ ಇರುವುದು ನನ್ನ ಅಜ್ಜನ ದೊಡ್ಡಪ್ಪನ ಹೆಸರು. ಅವರು ಆಗಿನ ಪಟ್ಟೇದಾರರು, ಅಂದರೆ ಒಕ್ಕದ ಯಜಮಾನರು. ಪಹಣಿಗೆ ಆಧಾರ್ ಜೋಡಿಸಬೇಕು ಎಂದು ಹೇಳಿದ್ದರಿಂದ ಹೋಗಿದ್ದೆ.

"ಇವರ ಆಧಾರ್ ಸಂಖ್ಯೆ ಹೇಳಿ, ಸರ್."

"ಅವರು ತೀರಿಕೊಂಡು ಎಪ್ಪತ್ತು ವರ್ಷ ಮೇಲಾಯಿತಮ್ಮ."

"ಹಾಗಾದರೆ ವಾರಸುದಾರರು ಯಾರು?"

ವಂಶವೃಕ್ಷವನ್ನು ಮೇಜಿನ ಮೇಲೆ ಬಿಡಿಸಿಟ್ಟೆ. ನಲವತ್ತಮೂರು ಹೆಸರು. ಒಬ್ಬರು ಕೆನಡಾದಲ್ಲಿ, ಇಬ್ಬರು ಸೈನ್ಯದಲ್ಲಿ, ಒಬ್ಬ ಚಿಕ್ಕಪ್ಪ ಇಪ್ಪತ್ತು ವರ್ಷದಿಂದ ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಆ ಹೆಣ್ಣುಮಗಳು ಕಾಗದವನ್ನೂ ನೋಡಿದರು, ಪರದೆಯನ್ನೂ ನೋಡಿದರು, ಏನೇನೋ ಒತ್ತಿದರು. ಕೊನೆಗೆ ಹೇಳಿದರು: "ಸಿಸ್ಟಂ ತೆಗೆದುಕೊಳ್ಳುತ್ತಿಲ್ಲ, ಸರ್."

ಈವತ್ತು ನಾನು ಮಾತನಾಡಬೇಕೆಂದಿರುವುದು ಈ ಒಂದು ವಾಕ್ಯದ ಬಗ್ಗೆ. ಕರ್ತೃವಿನ ಜಾಗದಲ್ಲಿ ಮನುಷ್ಯನೇ ಇಲ್ಲದ ವಾಕ್ಯ ಅದು. ಹಿಂದೆ ಶಾನುಭೋಗರು ಆಗುವುದಿಲ್ಲ ಎಂದರೆ, ಆಗುವುದಿಲ್ಲ ಎಂದವರು ಯಾರು ಎಂದು ಊರಿಗೆಲ್ಲ ತಿಳಿದಿರುತ್ತಿತ್ತು. ಅವರ ಮನೆಯ ದಾರಿಯೂ ತಿಳಿದಿರುತ್ತಿತ್ತು.

ಹಾಗೆಂದು ನಾನು ಆ ಕಾಲಕ್ಕೆ ಹರಕೆ ಹೊತ್ತವನಲ್ಲ. ಒಂದು ಪಹಣಿಗಾಗಿ ನನ್ನ ಅಪ್ಪ ಎಷ್ಟು ಸಲ ಅಲೆದರು, ಪ್ರತಿ ಸಲವೂ ಕೈಯಲ್ಲಿ ಏನನ್ನು ಹಿಡಿದುಕೊಂಡು ಹೋದರು ಎನ್ನುವುದನ್ನು ಕಂಡಿದ್ದೇನೆ. ಪುಸ್ತಕ ಶಾನುಭೋಗರ ಬಳಿ, ಬರೆಯುವ ಪೆನ್ನೂ ಅವರದೇ, ಅಳಿಸುವ ಬ್ಲೇಡೂ ಅವರದೇ. 2000ದ ಸುಮಾರಿಗೆ ಕರ್ನಾಟಕದಲ್ಲಿ 'ಭೂಮಿ' ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು, ಕೈಬರಹದ ಪಹಣಿಯ ಕಾಲ ಮುಗಿಯಿತು. ಆಗ 15 ರೂಪಾಯಿ ಕೊಟ್ಟರೆ ಅಚ್ಚಾದ ಹಾಳೆ ಕೈಗೆ ಬರುತ್ತಿತ್ತು. ಖಾತೆ ಬದಲಾವಣೆಗೆ ಮೊದಲು ಅರ್ಜಿ ಕೊಟ್ಟವರಿಗೆ ಮೊದಲ ಸರದಿ. ಯಾವ ಅಧಿಕಾರಿ ಮಂಜೂರು ಮಾಡಿದ ಎಂಬುದಕ್ಕೆ ಆತನ ಬೆರಳಚ್ಚು. ನಮ್ಮಂಥವರಿಗೆ ಅದು ದೊಡ್ಡ ಬಿಡುಗಡೆಯೇ.

ಆ ಯೋಜನೆಯ ಒಂದು ಸಣ್ಣ ಸಂಗತಿ ನನಗೆ ಬಹಳ ಇಷ್ಟ. ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ ಎರಡು ಪರದೆ ಇಡಬೇಕೆಂದು ಯೋಜನೆ ಮಾಡಿದವರು ಯೋಚಿಸಿದ್ದರು. ಒಂದು ಸಿಬ್ಬಂದಿಯ ಕಡೆಗೆ, ಇನ್ನೊಂದು ರೈತನ ಕಡೆಗೆ. ಒಳಗೆ ಏನು ಬರೆಯುತ್ತಿದ್ದಾರೆ ಎಂಬುದು ಹೊರಗೆ ನಿಂತವನಿಗೂ ಕಾಣಲಿ ಎಂದು. ಈ ಎರಡನೆಯ ಪರದೆಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇದಕ್ಕೆ ಬರುತ್ತೇನೆ.

ಆದರೆ ಭೂಮಿಯ ಕಾಲಂಗಳನ್ನು ಗೆರೆ ಎಳೆದವರ ಕಣ್ಣಮುಂದೆ ಇದ್ದದ್ದು ಬಯಲುಸೀಮೆಯ ಜಮೀನು. ಒಂದು ಸರ್ವೆ ನಂಬರ್, ಒಬ್ಬ ಖಾತೆದಾರ, ಆತ ತೀರಿಕೊಂಡರೆ ವಾರಸುದಾರರ ಹೆಸರಿಗೆ ಪೌತಿ ಖಾತೆ. ಕೊಡಗಿನ ಜಮ್ಮ ಹಾಗಲ್ಲ. ರಾಜರ ಕಾಲದಲ್ಲಿ ಸೇವೆಗೆ ಪ್ರತಿಯಾಗಿ ಕೊಟ್ಟ ಗದ್ದೆ ಅದು; ಆಗ ಸಾಮಾನ್ಯ ಸಾಗು ಜಮೀನಿಗೆ ನೂರು ಬಟ್ಟಿಗೆ (ಬಟ್ಟಿ ಎಂದರೆ ಗದ್ದೆಯ ಹಳೆಯ ಅಳತೆ) ಹತ್ತು ರೂಪಾಯಿ ಕಂದಾಯವಾದರೆ ಜಮ್ಮಕ್ಕೆ ಐದೇ. ಗದ್ದೆಯ ಬೆನ್ನಿಗೆ ಸೊಪ್ಪು, ಸೌದೆ, ದನಕರುಗಳಿಗಾಗಿ ಕಂದಾಯವಿಲ್ಲದ ಬಾಣೆ. ಇವೆಲ್ಲ ಒಕ್ಕದ ಆಸ್ತಿ, ಪಟ್ಟೇದಾರ ಒಕ್ಕದ ಪರವಾಗಿ ನಿಂತವನು ಅಷ್ಟೆ. ಕೊಡಗಿನ ರಾಜ ಲಿಂಗರಾಜೇಂದ್ರನ 'ಶಿಸ್ತು' ಎಂಬ ಕಂದಾಯದ ಲೆಕ್ಕದಲ್ಲಿ ಇದಕ್ಕೆ ಜಾಗವಿತ್ತು. 1834ರಲ್ಲಿ ಬಂದ ಬ್ರಿಟಿಷರೂ ತಲೆ ಕೆರೆದುಕೊಂಡು ಇದಕ್ಕೊಂದು ಜಾಗ ಮಾಡಿದರು. 1956ರ ತನಕ ಕೊಡಗು ತನ್ನದೇ ರಾಜ್ಯ. ಮಡಿಕೇರಿಯಲ್ಲಿ 24 ಜನ ಶಾಸಕರು ಕುಳಿತು ಮಾಡಿದ ನಿಯಮ ತಪ್ಪಾಗಿದ್ದರೆ, ಸಂತೆಯ ದಿನವೇ ಅವರನ್ನು ನಿಲ್ಲಿಸಿ ಕೇಳಬಹುದಿತ್ತು. ಈಗ ಗೆರೆ ಎಳೆಯುವವರು ಸಂತೆಗೆ ಬರುವುದಿಲ್ಲ.

ಗಣಕೀಕರಣದಿಂದ ಅಧಿಕಾರಿಯ ವಿವೇಚನೆ ಹೋಯಿತು, ಹಾಗಾಗಿ ಭ್ರಷ್ಟಾಚಾರವೂ ಹೋಯಿತು ಎನ್ನುತ್ತಾರೆ. ಅರ್ಧ ನಿಜ. ವಿವೇಚನೆ ಹೋಗಲಿಲ್ಲ, ಮನೆ ಬದಲಿಸಿತು. ಊರಿನ ಶಾನುಭೋಗರ ಕೈಯಲ್ಲಿದ್ದದ್ದು ಈಗ ಎಲ್ಲೋ ಕುಳಿತು "ಈ ಕಾಲಂ ಹೀಗೇ ತುಂಬಬೇಕು" ಎಂದು ತೀರ್ಮಾನಿಸಿದವನ ಕೈಯಲ್ಲಿದೆ. ಅವನಿಗೆ ಲಂಚ ಕೊಡಲು ಬರುವುದಿಲ್ಲ ಎನ್ನುವುದು ಸರಿ. ಅಹವಾಲು ಕೊಡಲೂ ಬರುವುದಿಲ್ಲ.

ಇದು ನಮ್ಮ ಊರಿನ ಗೋಳು ಮಾತ್ರ ಎಂದುಕೊಳ್ಳಬೇಡಿ. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಗೆ ಸಿಗುವ ಸಹಾಯಧನದಲ್ಲಿ ಮೋಸ ಹುಡುಕಲು ತೆರಿಗೆ ಇಲಾಖೆ ಒಂದು ತಂತ್ರಾಂಶ ಬಳಸಿತು. ವಿದೇಶಿ ಪೌರತ್ವ ಇದ್ದರೆ ಅನುಮಾನದ ಅಂಕ ಏರುತ್ತಿತ್ತು. ಸಾವಿರಾರು ತಂದೆತಾಯಿಯರ ಮೇಲೆ ಮೋಸದ ಆರೋಪ ಬಿತ್ತು, ಹಣ ಹಿಂದಿರುಗಿಸಿ ಎಂದು ನೋಟಿಸು ಹೋಯಿತು, ಸಂಸಾರಗಳು ಸಾಲದಲ್ಲಿ ಮುಳುಗಿದವು. 2021ರ ಜನವರಿಯಲ್ಲಿ ಇದೇ ಕಾರಣಕ್ಕೆ ಅಲ್ಲಿನ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಡಚ್ ಭಾಷೆಯಲ್ಲಿಯೂ "ಸಿಸ್ಟಂ ತೆಗೆದುಕೊಳ್ಳುತ್ತಿಲ್ಲ" ಎಂಬುದಕ್ಕೆ ಒಂದು ಮಾತು ಇದ್ದೇ ಇರಬೇಕು.

ನಡುವೆ ಒಂದು ಮಾತು. ನೋಂದಣಿ ಇಲಾಖೆಯ ತಂತ್ರಾಂಶಕ್ಕೆ ಇಟ್ಟ ಹೆಸರು ಕಾವೇರಿ. ತುಲಾ ಸಂಕ್ರಮಣದ ದಿನ ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥ ಉಕ್ಕುವುದನ್ನು ಕಾಯುವ ಜನ ನಾವು. ಹೆಸರು ನೋಡಿ ಖುಷಿಯಾಗಬೇಕಿತ್ತು. 2025ರ ಜನವರಿಯಲ್ಲಿ ಆ ಜಾಲತಾಣದ ಮೇಲೆ ಸೈಬರ್ ದಾಳಿಯಾಗಿ, ಸುಳ್ಳು ಮನವಿಗಳ ಪ್ರವಾಹದಲ್ಲಿ ರಾಜ್ಯದಾದ್ಯಂತ ನೋಂದಣಿ ತಡವರಿಸಿತು. ತಾಯಿ ಕಾವೇರಿ ಬತ್ತಿದ್ದಾಳೆ ಎಂಬ ಮಾತನ್ನು ಬೇಸಿಗೆಯಲ್ಲಿ ಕೇಳಿ ಅಭ್ಯಾಸವಿತ್ತು. ಪ್ರವಾಹ ಬಂದು ಕಾವೇರಿ ನಿಂತುಹೋದಳು ಎಂದದ್ದು ಅದೇ ಮೊದಲು.

ಈಗ ನನ್ನ ಕಾಲಂನ ಕಥೆ ಬ್ರಸೆಲ್ಸ್‌ಗೆ ಹೋಗುತ್ತದೆ.

ಅಲ್ಲಿ ಕುಳಿತ ಯುರೋಪಿಯನ್ ಒಕ್ಕೂಟ 2023ರಲ್ಲಿ ಒಂದು ಕಾಯ್ದೆ ಮಾಡಿತು. ಕಾಫಿ, ಕೋಕೋ, ರಬ್ಬರ್, ಸೋಯಾ, ತಾಳೆ ಎಣ್ಣೆ, ಮರ, ದನ: ಇವು ಯಾವುವೂ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಿಂದ ಬಂದಿರಬಾರದು. ಒಳ್ಳೆಯ ಉದ್ದೇಶ, ತಕರಾರಿಲ್ಲ. ಆದರೆ ಸಾಬೀತು ಮಾಡುವ ಬಗೆ ನೋಡಿ. ಕಾಫಿ ಬೆಳೆದ ಪ್ರತಿಯೊಂದು ತುಂಡಿನ ಅಕ್ಷಾಂಶ ರೇಖಾಂಶ ಕೊಡಬೇಕು. ನಾಲ್ಕು ಹೆಕ್ಟೇರ್‌ಗಿಂತ, ಅಂದರೆ ಸುಮಾರು ಹತ್ತು ಎಕರೆಗಿಂತ ಹೆಚ್ಚಿದ್ದರೆ ಒಂದು ಚುಕ್ಕಿ ಸಾಲದು, ಗಡಿಯ ಸುತ್ತಲಿನ ಪೂರ್ತಿ ಗೆರೆ ಬೇಕು. ಜೊತೆಗೆ ಆ ನೆಲದ ಬಳಕೆ ಸ್ಥಳೀಯ ಕಾನೂನಿನ ಪ್ರಕಾರವೂ ಸರಿಯಾಗಿರಬೇಕು. ಜಾರಿಯ ದಿನಾಂಕ ಎರಡು ಸಲ ಮುಂದಕ್ಕೆ ಹೋಗಿದೆ, ಅಷ್ಟರಮಟ್ಟಿಗೆ ಉಸಿರಾಡಲು ಸಮಯ ಸಿಕ್ಕಿದೆ.

ಭಾರತದ ಕಾಫಿಯಲ್ಲಿ ಹತ್ತಿರ ಹತ್ತಿರ ಮೂರನೆಯ ಒಂದು ಪಾಲು ಕೊಡಗಿನದು. ದೇಶದಲ್ಲಿ ಬೆಳೆದ ಕಾಫಿಯಲ್ಲಿ ಹೆಚ್ಚಿನದು ಹೊರದೇಶಕ್ಕೆ ಹೋಗುತ್ತದೆ, ದೊಡ್ಡ ಗಿರಾಕಿ ಇಟಲಿ. ಹಾಗಾಗಿ ಬ್ರಸೆಲ್ಸ್‌ನಲ್ಲಿ ಎಳೆದ ಗೆರೆ ನೇರವಾಗಿ ಪೊನ್ನಂಪೇಟೆಯ ಕಣಕ್ಕೆ ಬರುತ್ತದೆ. ರಾಯಭಾರಿಗಳಿಲ್ಲ, ಒಪ್ಪಂದವಿಲ್ಲ, ಹಸ್ತಲಾಘವದ ಫೋಟೋ ಇಲ್ಲ. ಒಂದು ಆ್ಯಪ್ ಸಾಕು. ಡೆನ್ಮಾರ್ಕ್ 2017ರಲ್ಲಿಯೇ ತಂತ್ರಜ್ಞಾನ ಕಂಪನಿಗಳ ಬಳಿಗೆಂದು ಒಬ್ಬ ರಾಯಭಾರಿಯನ್ನು ನೇಮಿಸಿತು, ಆಗ ನಗು ಬಂದಿತ್ತು. ಈಗ ಬರುವುದಿಲ್ಲ.

ನಮ್ಮ ಕಾಫಿ ನೆರಳಿನ ಕಾಫಿ. ಮೇಲೆ ನಂದಿ, ಅತ್ತಿ, ಹಲಸು, ಸಿಲ್ವರ್ ಓಕ್, ಅದರ ಮೈಗೆ ಹಬ್ಬಿದ ಕರಿಮೆಣಸು, ಕೆಳಗೆ ಗಿಡ. ಉಪಗ್ರಹದ ಕಣ್ಣಿಗೆ ಇದೂ ಹಸಿರು, ಪಕ್ಕದ ದೇವರಕಾಡೂ ಹಸಿರು. ಮಳೆಗೆ ಮುಂಚೆ ಮರ ಕಪಾತು ಮಾಡಿದರೆ ಹಸಿರು ತೆಳುವಾಗುತ್ತದೆ. ಅದನ್ನು ನೋಡಿ ಯಂತ್ರ "ಇಲ್ಲಿ ಕಾಡು ಹೋಯಿತು" ಎಂದರೆ? ನೆರಳಿಲ್ಲದೆ ಬಟಾಬಯಲಿನಲ್ಲಿ ಕಾಫಿ ಬೆಳೆಯುವವನಿಗೆ ಈ ಪ್ರಶ್ನೆಯೇ ಇಲ್ಲ. ಮರ ಉಳಿಸಿಕೊಂಡವನೇ ಉತ್ತರ ಹೇಳಬೇಕು. ಅದರ ಮೇಲೆ, ಈ ನೆಲ ನಿಮ್ಮದೇ ಎಂಬುದಕ್ಕೆ ದಾಖಲೆ ಕೊಡಿ ಎಂದಾಗ ನಾನು ತೋರಿಸಬೇಕಾದ ಪಹಣಿಯಲ್ಲಿ ಇರುವುದು ಅಜ್ಜನ ದೊಡ್ಡಪ್ಪ. ಒಂದು ಕಂಪ್ಯೂಟರ್ ಒಪ್ಪದ ಹೆಸರನ್ನು ಇನ್ನೊಂದು ಖಂಡದ ಕಂಪ್ಯೂಟರ್ ಕೇಳುತ್ತದೆ.

ಹಾಗಂತ ನಾವು ಬರೀ ಗೆರೆ ಎಳೆಸಿಕೊಳ್ಳುವವರೂ ಅಲ್ಲ. ಬೆಂಗಳೂರಿನ ಐಐಐಟಿ ಎಂಬ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ಮೋಸಿಪ್ ಎಂಬ ಗುರುತಿನ ವ್ಯವಸ್ಥೆಯನ್ನು ಫಿಲಿಪ್ಪೀನ್ಸ್, ಮೊರಾಕ್ಕೊ ತೆಗೆದುಕೊಂಡಿವೆ. ಯುಪಿಐ ಸಿಂಗಪುರದ ಪಾವತಿ ವ್ಯವಸ್ಥೆಯೊಂದಿಗೆ 2023ರಲ್ಲಿ ಕೂಡಿತು, ಮರುವರ್ಷ ಐಫೆಲ್ ಗೋಪುರದ ಟಿಕೆಟ್ ತನಕ ತಲುಪಿತು. 2023ರ ದಿಲ್ಲಿಯ ಜಿ20ರಲ್ಲಿ ಭಾರತ ಜಗತ್ತಿನ ಮುಂದೆ ಹೆಮ್ಮೆಯಿಂದ ಇಟ್ಟದ್ದು ಇದನ್ನೇ. ನನಗೂ ಹೆಮ್ಮೆಯೇ. ಆದರೆ ಮನಿಲಾದಿಂದ ದೂರದ ಯಾವುದೋ ಗುಡ್ಡದಲ್ಲಿ ಒಬ್ಬ ಮುದುಕಿ ಕೌಂಟರ್ ಮುಂದೆ ನಿಂತು, ಬೆಂಗಳೂರಿನವರು ಎಳೆದ ಕಾಲಂನಲ್ಲಿ ತನ್ನ ಹೆಸರು ಹಿಡಿಸದೆ ಹಿಂದಿರುಗಿದರೆ, ಆಕೆ ಯಾರನ್ನು ಕೇಳಬೇಕು?

ನಗರಗಳ ವಿಷಯ ಬೇಗ ಮುಗಿಸುತ್ತೇನೆ, ಹೇಳಲು ಹೆಚ್ಚಿಲ್ಲ. 2015ರಲ್ಲಿ ಶುರುವಾದ ಸ್ಮಾರ್ಟ್ ಸಿಟಿ ಯೋಜನೆ 2025ರ ಮಾರ್ಚ್‌ಗೆ ಮುಗಿಯಿತು. ನೂರು ನಗರಗಳಲ್ಲಿಯೂ ದೊಡ್ಡ ಗೋಡೆಯ ತುಂಬ ಪರದೆಗಳಿರುವ ನಿಯಂತ್ರಣ ಕೊಠಡಿ ಆಯಿತು. ಕರ್ನಾಟಕದ ಏಳು ನಗರ ಆ ಪಟ್ಟಿಯಲ್ಲಿದ್ದವು, ಮಡಿಕೇರಿ ಇರಲಿಲ್ಲ. ಆದರೂ ಮಡಿಕೇರಿಯನ್ನು ನಿಯಂತ್ರಿಸುವ ಪರದೆ ಇದೆ: ಪ್ರವಾಸಿಗಳ ಕೈಯಲ್ಲಿರುವ ಮ್ಯಾಪ್. ಶನಿವಾರ ರಾಜಾಸೀಟಿನ ರಸ್ತೆ ಕಟ್ಟಿಕೊಂಡಿತೆಂದು ಅದು ಕಾರುಗಳನ್ನು ತೋಟದ ದಾರಿಗೆ ಇಳಿಸುತ್ತದೆ. ಕಳೆದ ಡಿಸೆಂಬರಿನಲ್ಲಿ ಒಂದು ಕುಟುಂಬ ನೇರ ನಮ್ಮ ಕಣಕ್ಕೇ ಬಂದು ನಿಂತಿತು. ಕಾಫಿ ಕುಡಿಸಿ ಕಳುಹಿಸಿದೆವು.

ಮಳೆಯ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಮೆತ್ತಗಾಗುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟ ಜಾರಿದಾಗ ಯಾವ ಮೊಬೈಲೂ ಮುಂಚಿತವಾಗಿ ಕೂಗಲಿಲ್ಲ. 2020ರ ಆಗಸ್ಟ್‌ನಲ್ಲಿ ಬ್ರಹ್ಮಗಿರಿ ಕುಸಿದು ತಲಕಾವೇರಿಯ ಅರ್ಚಕರನ್ನೂ ಅವರ ಮನೆಯಲ್ಲಿದ್ದವರನ್ನೂ ಕರೆದೊಯ್ದಿತು. ಈಗ ರಾಜ್ಯದ ವಿಪತ್ತು ನಿರ್ವಹಣಾ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಇಂಥ ಕಡೆ ಒಂದು ಜೀವ ಉಳಿದರೂ ಯಂತ್ರಕ್ಕೆ ಕೈಮುಗಿಯುತ್ತೇನೆ. 2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲುಗಳೆಲ್ಲ ಒಮ್ಮೆಲೇ ಕಿರುಚಿದ್ದು ನೆನಪಿದೆಯೇ? ತುರ್ತು ಎಚ್ಚರಿಕೆಯ ಪರೀಕ್ಷೆ ಅದು. ಅಕ್ಟೋಬರಿನ ಒಂದು ಒಣ ದಿನ. ಜೋರು ಮಳೆಯ ತಿಂಗಳಾದ ಕಕ್ಕಡದ ರಾತ್ರಿ ಬೇರೆ: ಮರ ಬಿದ್ದು ಕರೆಂಟು ಹೋಗುತ್ತದೆ, ಟವರಿನ ಡೀಸೆಲ್ ಮುಗಿಯುತ್ತದೆ, ಆಮೇಲೆ ಮೂರು ದಿನ ಮೊಬೈಲು ಬರೀ ಟಾರ್ಚು. ಎಚ್ಚರಿಕೆ ಹೊರಡುವ ಕಡೆ ಎಲ್ಲ ಸರಿಯಾಗಿದೆ, ತಲುಪಬೇಕಾದ ಕಡೆ ಕತ್ತಲೆ. ಹಾಗಾಗಿ ನಮ್ಮ ಕಡೆ ಈಗಲೂ ತೋಡಿನ ನೀರಿನ ಬಣ್ಣ ನೋಡಿ ಏಳುವವರಿದ್ದಾರೆ. ನೀರು ಕೆಂಪಗೆ ಗಟ್ಟಿಯಾದರೆ ಮಕ್ಕಳನ್ನು ಎಬ್ಬಿಸುತ್ತಾರೆ.

ತೋಟದ ಕೆಲಸದವರು ಇರುವ ಲೈನ್ ಮನೆಗಳ ಮಾತು ಬಿಟ್ಟರೆ ನನ್ನ ಮಾತು ಸುಳ್ಳಾಗುತ್ತದೆ. ಪಟ್ಟೇದಾರರ ಮೊಮ್ಮಕ್ಕಳಿಗೆ ಕಾಲಂ ಹಿಡಿಸದಿದ್ದರೆ ವಕೀಲರಿದ್ದಾರೆ. ನಲವತ್ತು ವರ್ಷ ಕಾಫಿ ಕುಯ್ದು ಬೆರಳಿನ ಗೆರೆ ಸವೆದ ಯರವ ಬುಡಕಟ್ಟಿನ ಹೆಂಗಸಿಗೆ ಪಡಿತರದ ಯಂತ್ರ ಹೆಬ್ಬೆರಳು ಒಪ್ಪದಿದ್ದರೆ ಅಂದಿನ ಅಕ್ಕಿಯೇ ತಡವಾಗುತ್ತದೆ. ನಮ್ಮ ತೋಟದಲ್ಲಿ ಕೆಲಸ ಮಾಡುವ ಒಬ್ಬರು ಅಂಗಡಿಗೆ ಹೋಗುವ ಮುಂಚೆ ಕೈಗೆ ಎಣ್ಣೆ ತಿಕ್ಕಿಕೊಂಡು ಹೊರಡುತ್ತಾರೆ. ಸವೆದದ್ದು ನಮ್ಮ ತೋಟದಲ್ಲಿ.

ನಾನು ಕೇಳುವುದು ದೊಡ್ಡದೇನಲ್ಲ. ಪಹಣಿಯಲ್ಲಿ ಒಕ್ಕ ಎಂದು ಬರೆಯಲು ಒಂದು ಜಾಗ; ಅದರ ಕೆಳಗೆ ನಲವತ್ತಮೂರಾಗಲಿ ನಾನೂರಾಗಲಿ, ಹೆಸರುಗಳು. ಯಂತ್ರ ಒಪ್ಪದಿದ್ದಾಗ ಒಪ್ಪುವ ಅಧಿಕಾರವಿರುವ, ಸಹಿ ಹಾಕಿ ಹೊಣೆ ಹೊರುವ ಒಬ್ಬ ಮನುಷ್ಯ, ತಾಲ್ಲೂಕಿಗೆ ಒಬ್ಬರಾದರೂ. ಮತ್ತು ಆ ಎರಡನೆಯ ಪರದೆ. ಹೊಸ ತಂತ್ರಾಂಶ ಬರೆಯುವ ದಿನವೇ ಅದು ನಮ್ಮ ಕಡೆಗೆ ತಿರುಗಲಿ. ಗೆರೆ ಎಳೆದಾದ ಮೇಲೆ ತಿದ್ದುವುದು ಎಷ್ಟು ಕಷ್ಟ ಎಂದು ನನಗೀಗ ಚೆನ್ನಾಗಿ ಗೊತ್ತು.

ಮೊನ್ನೆ ಕಾಫಿ ಕೊಳ್ಳುವವರ ಕಡೆಯ ಒಬ್ಬ ಹುಡುಗ ತೋಟದ ಗಡಿ ಗುರುತಿಸಲು ಬಂದಿದ್ದ. ಮೊಬೈಲನ್ನು ನಮ್ಮ ದೊಡ್ಡಪ್ಪನ ಕೈಗೆ ಕೊಟ್ಟು, "ಬೇಲಿ ಹಿಡಿದು ನೇರ ನಡೆಯಿರಿ ಅಂಕಲ್, ಗೆರೆ ತಾನಾಗಿ ಬೀಳುತ್ತದೆ" ಎಂದ. ದೊಡ್ಡಪ್ಪನಿಗೆ ಎಂಬತ್ತೆರಡು ವರ್ಷ. ನಡೆದರು. ಬೇಲಿಯ ಅಂಚಿನಲ್ಲಿ ನಮ್ಮ ಕೈಮಡ ಇದೆ, ಒಕ್ಕದ ಮೂಲಪುರುಷನಾದ ಗುರು ಕಾರೋಣನಿಗೆ ದೀಪ ಇಡುವ ಜಾಗ. ಅಲ್ಲಿಗೆ ಬಂದಾಗ ಚಪ್ಪಲಿ ಬಿಟ್ಟು, ಬೇಲಿ ಬಿಟ್ಟು, ಕೈಮಡಕ್ಕೆ ಸುತ್ತು ಹಾಕಿಕೊಂಡು ಹೋದರು. ಪರದೆಯ ಮೇಲಿನ ಗೆರೆ ಅಲ್ಲಿ ಒಳಕ್ಕೆ ಬಾಗಿತು.

"ಒಂದು ಗುಳಿ ಬಂತು ಅಂಕಲ್. ಇನ್ನೊಮ್ಮೆ ನೇರ ನಡೆದರೆ ಸರಿಯಾಗುತ್ತದೆ."

"ಅದು ಕಾಫಿ ಅಲ್ಲ ಮಗ. ಹಾಗೇ ಇರಲಿ," ಎಂದರು ದೊಡ್ಡಪ್ಪ, ಮೊಬೈಲು ವಾಪಸು ಕೊಟ್ಟು ಚಪ್ಪಲಿ ಹುಡುಕುತ್ತಾ.