10,000 ಸಾಲಿನ ಪಟ್ಟಿ, ಒಂದು ಸಾಲಿನ ಎತ್ತರ

ಎಲ್ಲರಿಗೂ ನಮಸ್ಕಾರ.

ಆ್ಯಪ್‌ನಲ್ಲಿ 10,000 ಸಾಲಿನ ಪಟ್ಟಿ ಇದೆ ಎಂದುಕೊಳ್ಳಿ. ಬಳಸುವವರ ಕಣ್ಣಿಗೆ ಒಂದು ಹೊತ್ತಿಗೆ ಬೀಳುವುದು 10–12 ಸಾಲು. ಉಳಿದದ್ದು ಇದೆ ಎಂದು ನಂಬಿಸಿದರೆ ಸಾಕು. ಆಂಡ್ರಾಯ್ಡ್‌ನ ರೀಸೈಕ್ಲರ್‌ವ್ಯೂ, ಐಒಎಸ್‌ನ ಟೇಬಲ್‌ವ್ಯೂ, ಫ್ಲಟರ್‌ನ ಲಿಸ್ಟ್‌ವ್ಯೂ ಬಿಲ್ಡರ್, ಕಂಪೋಸ್‌ನ ಲೇಜಿಕಾಲಮ್, ಹೀಗೆ ಪಟ್ಟಿ ತೋರಿಸುವ ಸಿದ್ಧ ಘಟಕಗಳೆಲ್ಲ ಮಾಡುವುದು ಇದನ್ನೇ.

ರೀಸೈಕ್ಲರ್‌ವ್ಯೂನಲ್ಲಿ ಮೇಲೆ ಜಾರಿಹೋದ ಸಾಲಿನ ವ್ಯೂ (ಪರದೆಯ ಮೇಲಿನ ಅದರ ಚೌಕಟ್ಟು) ಹೊಸ ಪಠ್ಯ ತುಂಬಿಕೊಂಡು ಕೆಳಗಿನಿಂದ ಬರುತ್ತದೆ. 3ನೇ ಸಾಲಿನಲ್ಲಿ ಹಾಕಿದ ಟಿಕ್ ಗುರುತು 15ನೇ ಸಾಲಿನಲ್ಲಿ ಕಾಣಿಸಿಕೊಳ್ಳುವುದು ಇದರಿಂದಲೇ. ಬೈಂಡ್ ಮಾಡುವಾಗ, ಅಂದರೆ ವ್ಯೂಗೆ ಡೇಟಾ ತುಂಬುವಾಗ, ‘ಇದ್ದರೆ ತೋರಿಸು’ ಎಂದು ಬರೆದು ‘ಇಲ್ಲದಿದ್ದರೆ ಅಡಗಿಸು’ ಎನ್ನುವುದನ್ನು ಮರೆತಿರುತ್ತೇವೆ. ಟಿಕ್ ಬಿದ್ದಿದೆಯೇ ಎಂಬ ಮಾಹಿತಿ ಇರಬೇಕಾದ ಜಾಗ ಡೇಟಾ, ವ್ಯೂ ಅಲ್ಲ.

ಇದಕ್ಕಿಂತ ದುಬಾರಿ ತಪ್ಪು ಇನ್ನೊಂದಿದೆ. ಪಟ್ಟಿಯ ಮೇಲೊಂದು ಶೀರ್ಷಿಕೆ ಬೇಕೆಂದು ಇಡೀ ಪಟ್ಟಿಯನ್ನು ಮತ್ತೊಂದು ಸ್ಕ್ರಾಲ್‌ವ್ಯೂ ಒಳಗೆ ಇಡುವುದು. ಆಗ ಪಟ್ಟಿಗೆ ಎತ್ತರದ ಮಿತಿಯೇ ಇರದು. ಎಲ್ಲವೂ ಕಾಣುತ್ತಿದೆ ಎಂದುಕೊಂಡು ರೀಸೈಕ್ಲರ್‌ವ್ಯೂ 10,000 ಸಾಲನ್ನೂ ಕಟ್ಟುತ್ತದೆ. ಫ್ಲಟರ್‌ನಲ್ಲಿ ಶ್ರಿಂಕ್‌ರ‍್ಯಾಪ್ (ಒಳಗಿರುವುದರಷ್ಟೇ ಎತ್ತರ ತೆಗೆದುಕೊಳ್ಳುವ ಆಯ್ಕೆ) ಹಾಕಿದರೂ ಇದೇ ಗತಿ. ಶೀರ್ಷಿಕೆಯನ್ನೂ ಪಟ್ಟಿಯದೇ ಒಂದು ಸಾಲು ಮಾಡಿ, ಬೇರೆ ವ್ಯೂಟೈಪ್ (ಸಾಲಿನ ಬಗೆ) ಕೊಡಿ. ಫ್ಲಟರ್‌ನಲ್ಲಾದರೆ ಸ್ಲಿವರ್ (ಒಂದೇ ಸ್ಕ್ರಾಲ್ ಒಳಗೆ ಜೋಡಿಸುವ ಭಾಗಗಳು) ಬಳಸಿ.

ಈಗ ಸಮಯದ ಲೆಕ್ಕ. 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮಿಗೆ, ಅಂದರೆ ಪರದೆಯನ್ನು ಒಮ್ಮೆ ಬಿಡಿಸಲು, ಸಿಗುವುದು ಸುಮಾರು 16.6 ಮಿಲಿಸೆಕೆಂಡ್, 120 ಹರ್ಟ್ಸ್‌ನಲ್ಲಿ 8.3. ಚಿತ್ರವಿಲ್ಲದ ಬರೀ ಪಠ್ಯ ತಾನೇ, ಹಗುರ ಎಂದುಕೊಳ್ಳುತ್ತೇವೆ. ಹಾಗಲ್ಲ. ಫಾಂಟ್ ಆರಿಸಿ, ಒತ್ತಕ್ಷರ ಜೋಡಿಸಿ, ಎಲ್ಲಿ ಸಾಲು ಮುರಿಯಬೇಕೆಂದು ನೋಡಿದ ಮೇಲಷ್ಟೇ ಎತ್ತರ ಗೊತ್ತಾಗುತ್ತದೆ. ಇದೆಲ್ಲ ಪರದೆಯನ್ನು ನಡೆಸುವ ಮೇನ್ ಥ್ರೆಡ್‌ನಲ್ಲೇ ನಡೆದರೆ ವೇಗವಾಗಿ ಸ್ಕ್ರಾಲ್ ಮಾಡಿದಾಗ ಪಟ್ಟಿ ತಡವರಿಸುತ್ತದೆ. ಆಂಡ್ರಾಯ್ಡ್ 9ರಲ್ಲಿ ಬಂದ ಪ್ರಿಕಂಪ್ಯೂಟೆಡ್‌ಟೆಕ್ಸ್ಟ್ ಈ ಅಳತೆಯನ್ನು ಹಿನ್ನೆಲೆಯ ಥ್ರೆಡ್‌ಗೆ ದಾಟಿಸುತ್ತದೆ. ಆದರೆ ಅಳೆದಾಗಿನ ಫಾಂಟ್, ಗಾತ್ರ, ಸಾಲು ಮುರಿಯುವ ಕ್ರಮ ಪಠ್ಯ ತೋರಿಸುವ ಟೆಕ್ಸ್ಟ್‌ವ್ಯೂನದಕ್ಕೆ ಸರಿಹೊಂದಬೇಕು. ಇಲ್ಲವಾದರೆ ಎಕ್ಸೆಪ್ಶನ್ ಬರುತ್ತದೆ. ದಿನಾಂಕವನ್ನು ಅಕ್ಷರಕ್ಕಿಳಿಸುವುದು, ಎಚ್‌ಟಿಎಂಎಲ್ ಬಿಡಿಸುವುದು ಬೈಂಡ್‌ನಲ್ಲಿ ಬೇಡವೇ ಬೇಡ. ಡೇಟಾ ಬಂದಾಗ ಒಮ್ಮೆ ಮಾಡಿಟ್ಟರಾಯಿತು.

ಎಲ್ಲ ಸಾಲಿನ ಎತ್ತರ ಒಂದೇ ಎಂದು ಮೊದಲೇ ತಿಳಿಸಿದರೆ 8,000ನೇ ಸಾಲಿಗೆ ನೇರ ಹಾರುವುದು ಬರೀ ಗುಣಾಕಾರ. ಫ್ಲಟರ್‌ನ ಐಟಂಎಕ್ಸ್‌ಟೆಂಟ್, ರಿಯಾಕ್ಟ್ ನೇಟಿವ್‌ನ ಗೆಟ್‌ಐಟಂಲೇಔಟ್ ಇರುವುದು ಇದಕ್ಕೆ. ಆದರೆ ಪಠ್ಯದ ಸಾಲಿಗೆ ಎತ್ತರ 72 ಎಂದು ಅಂಕಿ ಬರೆದಿಟ್ಟರೆ, ಅಕ್ಷರ ದೊಡ್ಡದು ಮಾಡಿಕೊಂಡವರ ಫೋನಿನಲ್ಲಿ ಕೆಳಗಿನ ಒತ್ತಕ್ಷರಗಳು ಕತ್ತರಿಸಿಹೋಗುತ್ತವೆ. ಆಂಡ್ರಾಯ್ಡ್ 14ರಲ್ಲಿ ಅಕ್ಷರವನ್ನು ಶೇ. 200ರವರೆಗೆ ಹಿಗ್ಗಿಸಬಹುದು. ಆದ್ದರಿಂದ ಅಂಕಿಯ ಬದಲು ಪ್ರತಿ ಸಾಲಿನೊಳಗಿನ ಪಠ್ಯ ಎಷ್ಟು ಗೆರೆ ಎಂದು ನಿಗದಿ ಮಾಡಿ: ಮಿನ್‌ಲೈನ್ಸ್ 2, ಮ್ಯಾಕ್ಸ್‌ಲೈನ್ಸ್ 2. ಫ್ಲಟರ್‌ನಲ್ಲಿ ಪ್ರೋಟೋಟೈಪ್‌ಐಟಂ ಕೊಟ್ಟರೆ ಅದು ಮಾದರಿ ಸಾಲೊಂದನ್ನು ಅಳೆದು ಉಳಿದವಕ್ಕೂ ಅದೇ ಎತ್ತರ ಇಡುತ್ತದೆ. ಎತ್ತರ ಬದಲಾಗಲೇಬೇಕಾದ ಐಒಎಸ್ ಪಟ್ಟಿಯಲ್ಲಿ ಅಂದಾಜು ಎತ್ತರ ನಿಜವಾದ ಸರಾಸರಿಗೆ ಹತ್ತಿರವಿರಲಿ. ತೀರಾ ತಪ್ಪಿದರೆ ಬದಿಯ ಸ್ಕ್ರಾಲ್ ಬಾರ್ ಕುಪ್ಪಳಿಸುತ್ತದೆ.

ಎರಡು ಗೆರೆ ಪಠ್ಯ ತೋರಿಸಲು ಇಡೀ ಲೇಖನವನ್ನು ಟೆಕ್ಸ್ಟ್‌ವ್ಯೂಗೆ ಸುರಿಯಬೇಡಿ. ಮೊದಲೇ ಕತ್ತರಿಸಿ, ಆದರೆ ಕಣ್ಣು ಮುಚ್ಚಿ 80ನೇ ಕೋಡ್‌ನಲ್ಲಿ ಅಲ್ಲ. ‘ಸ್ತ್ರೀ’ ನಮಗೆ ಒಂದಕ್ಷರ, ಯೂನಿಕೋಡ್‌ಗೆ 6 ಕೋಡ್: ಸ, ಹಲಂತ, ತ, ಹಲಂತ, ರ, ಈಕಾರ. ನಡುವೆ ಕತ್ತರಿ ಬಿದ್ದರೆ ‘ಸ್ತ್’ ಎಂದು ಉಳಿಯುತ್ತದೆ. ಅಕ್ಷರದ ಗಡಿ ಹುಡುಕುವ ಸಿದ್ಧ ಲೈಬ್ರರಿಗಳೂ ಕನ್ನಡದ ಒತ್ತಕ್ಷರವನ್ನು ಒಡೆಯುವುದುಂಟು. ಪದಗಳ ನಡುವಿನ ಖಾಲಿ ಜಾಗದಲ್ಲಿ ಕತ್ತರಿಸುವುದೇ ಕ್ಷೇಮ.

ಆಂಡ್ರಾಯ್ಡ್‌ನಲ್ಲಿ ಪಟ್ಟಿ ಬದಲಾದಾಗ ‘ಎಲ್ಲ ಬದಲಾಗಿದೆ’ ಎನ್ನುವ ನೋಟಿಫೈ‌ಡೇಟಾಸೆಟ್‌ಚೇಂಜ್ಡ್ ಕರೆದರೆ ಕಾಣುವ ಸಾಲುಗಳೆಲ್ಲ ಮತ್ತೆ ಬೈಂಡ್ ಆಗುತ್ತವೆ. ಡಿಫ್‌ಯುಟಿಲ್ ಹಳೆಯ, ಹೊಸ ಪಟ್ಟಿ ಹೋಲಿಸಿ ಬದಲಾದ ಸಾಲನ್ನಷ್ಟೇ ಮುಟ್ಟುತ್ತದೆ. ಇದನ್ನೇ ಬಳಸುವ ಲಿಸ್ಟ್‌ಅಡಾಪ್ಟರ್‌ಗೆ ಅದೇ ಪಟ್ಟಿಯನ್ನು ತಿದ್ದಿ ಮತ್ತೆ ಕೊಟ್ಟರೆ ಅದು ಏನೂ ಮಾಡದೆ ಸುಮ್ಮನಿರುತ್ತದೆ. ಹೊಸ ಪ್ರತಿ ಕೊಡಿ.

ಡೇಟಾಬೇಸಿನಿಂದ ಪುಟಪುಟವಾಗಿ ತರುವಾಗ, ಎಷ್ಟು ಸಾಲು ಬಿಟ್ಟು ಮುಂದೆ ಹೋಗಬೇಕು ಎನ್ನುವ ಆಫ್‌ಸೆಟ್ 9,000 ಎಂದರೆ ಎಸ್‌ಕ್ಯೂಲೈಟ್ ಆ 9,000 ಸಾಲುಗಳನ್ನು ದಾಟಿಕೊಂಡೇ ಬರಬೇಕು. ಅಷ್ಟರಲ್ಲಿ ಮೇಲೊಂದು ಹೊಸ ಸಾಲು ಸೇರಿದರೆ ಹಿಂದಿನ ಪುಟದ ಕೊನೆಯ ಸಾಲು ಮತ್ತೆ ಕಾಣುತ್ತದೆ. ‘ಕೊನೆಗೆ ತೋರಿಸಿದ ಐಡಿಗಿಂತ ಚಿಕ್ಕ ಐಡಿಯ ಮುಂದಿನ 50 ಕೊಡು’ ಎಂದು ಕೇಳಿದರೆ ಎರಡೂ ತೊಂದರೆ ತಪ್ಪುತ್ತವೆ. ಐಡಿಗೆ ಇಂಡೆಕ್ಸ್ ಇರಬೇಕು, ಹೊಸದು ಮೇಲೆ ಬರುವಂತೆ ಐಡಿಯ ಇಳಿಕೆ ಕ್ರಮವಿರಬೇಕು.

ವೇಗ ಅಳೆಯುವುದು ಬಳಸುವವರಿಗೆ ಕೊಡುವ ರಿಲೀಸ್ ಬಿಲ್ಡ್‌ನಲ್ಲಿ, ಕಡಿಮೆ ಸಾಮರ್ಥ್ಯದ ಫೋನಿನಲ್ಲಿ, ಅಕ್ಷರವನ್ನು ಪೂರ್ತಿ ಹಿಗ್ಗಿಸಿ. ಫ್ಲಟರ್ ಮತ್ತು ಕಂಪೋಸ್ ಎರಡೂ ದೋಷ ಹುಡುಕಲು ಕಟ್ಟುವ ಡಿಬಗ್ ಬಿಲ್ಡ್‌ನಲ್ಲಿ ನಿಧಾನ. ಅಲ್ಲಿ ಕಂಡ ತಡವರಿಕೆಯನ್ನು ಬೆನ್ನಟ್ಟಿದರೆ ಇಲ್ಲದ ದೋಷವನ್ನು ಹುಡುಕಿದಂತೆ.